ವಾಕ್ಯ ಮುಗಿಯುವ ತನಕ

ಹುದುಗು ಬಂದ ಹಿಟ್ಟಿನ ವಾಸನೆ ಮೊದಲು ಬಂತು, ಅದರ ಹಿಂದೆ ತಮ್ಮ ಬಂದ. ಶಾಲೆಯ ಸಭಾಂಗಣದ ಪಕ್ಕದ ಬಾಗಿಲಿನಿಂದ ವೇದಿಕೆ ಹತ್ತಿ ಅವನು ತನ್ನ ಕುರ್ಚಿ ಯಾವುದೆಂದು ತಡಕಾಡುತ್ತಿದ್ದಾಗ ಟೀಚರಮ್ಮ ತಿರುಗಿ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಮಿಂದು, ಇಸ್ತ್ರಿ ಅಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಬಂದಿದ್ದರೂ ಆ ವಾಸನೆ ಅವನನ್ನು ಬಿಟ್ಟಿರಲಿಲ್ಲ. ಬೇಕರಿಯ ಒಲೆಯ ಹಿಂಗೋಡೆಗೆ ಬೆನ್ನು ಒತ್ತಿ, ಖಾಲಿ ಮೈದಾ ಚೀಲಗಳ ಮೇಲೆ ಅಕ್ಕ ತಮ್ಮ ಮಲಗುತ್ತಿದ್ದ ಕಾಲದ ವಾಸನೆ ಅದು. ಬೆಳಕು ಹರಿಯುವ ಮೊದಲೇ ಗೋಡೆ ಬೆಚ್ಚಗಾಗುತ್ತಿತ್ತು. ಮೊದಲು ಹುಳಿ ವಾಸನೆ, ಆಮೇಲೆ ಸಿಹಿ, ಕೊನೆಗೆ ಕಂದು ವಾಸನೆ. ವಾಸನೆಗೂ ಬಣ್ಣವಿದೆ ಎಂದು ಅವರು ಆಗ ನಂಬಿದ್ದರು. ತಾಯಿ ಬೇಗ ತೀರಿಹೋಗಿದ್ದರಿಂದ ತಮ್ಮನ ಮುಖ ತೊಳೆಸುವುದು, ಗುಂಡಿ ಹಾಕುವುದು, ಬಿಸಿ ಬನ್ನನ್ನು ಊದಿ ಊದಿ ತಿನ್ನಿಸುವುದು ಎಲ್ಲ ಅಕ್ಕನ ಕೆಲಸವೇ. ಮುಂದೆ ಅವರು ಇದೇ ಶಾಲೆಗೆ ಟೀಚರಾಗಿ ಬಂದಾಗ ಮೊದಲ ವರ್ಷದ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದವನೂ ಅವನೇ.

ಈಗ ಅವನು ಜಿಲ್ಲಾ ಮಂಡಳಿ ಚುನಾವಣೆಯ ಅಭ್ಯರ್ಥಿ. ಊರಿಗೆಲ್ಲ ಬನ್ನಪ್ಪ. ಟೀಚರಮ್ಮನ ಮುಂದೆ ಮೇಜಿನ ಮೇಲೆ ಒಂದು ಗಡಿಯಾರ, ಮರದ ಹಿಡಿಯ ಒಂದು ಹಿತ್ತಾಳೆ ಗಂಟೆ.

ಚುನಾವಣೆಗೆ ಮೊದಲು ಇಂಥದೊಂದು ಸಭೆ ನಡೆಸುವುದು ವಾಚನಾಲಯದವರ ರೂಢಿ. ನಿಂತವರನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿ ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಕೇಳುವುದು. ಉತ್ತರಕ್ಕೆ ಮೂರು ನಿಮಿಷ. ಮೂರು ನಿಮಿಷವಾದರೆ ಗಂಟೆ. ನಿವೃತ್ತಿಯಾದಂದಿನಿಂದ ಗಂಟೆ ಟೀಚರಮ್ಮನ ಕೈಯಲ್ಲೇ ಇತ್ತು. ಹಾಲಿ ಅಧ್ಯಕ್ಷರಿಗೂ ಹೊಡೆದಿದ್ದರು, ಠೇವಣಿ ಕಳೆದುಕೊಳ್ಳುವವರಿಗೂ ಹೊಡೆದಿದ್ದರು. 'ಟೀಚರಮ್ಮನ ಗಂಟೆ ಮುಖ ಮೋರೆ ನೋಡಲ್ಲ' ಎಂದು ಊರಲ್ಲಿ ಮಾತಿತ್ತು. ಅವರ ಒಂದು ಗುಟ್ಟು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹೊತ್ತು ಮುಗಿದರೂ ಗಂಟೆಯ ನಾಲಗೆಯನ್ನು ಬೆರಳಲ್ಲಿ ಹಿಡಿದು, ಮಾತಾಡುವವರ ವಾಕ್ಯ ಮುಗಿಯುವ ತನಕ ತಡೆದು, ಆಮೇಲೆ ಬಿಡುತ್ತಿದ್ದರು. ಅರ್ಧ ವಾಕ್ಯದಲ್ಲಿ ಮನುಷ್ಯನನ್ನು ಕೂರಿಸುವುದೆಂದರೆ ಊಟದ ನಡುವೆ ಎಬ್ಬಿಸಿದ ಹಾಗೆ ಎಂಬುದು ಅವರ ಎಣಿಕೆ.

ತಮ್ಮ ನಿಲ್ಲುತ್ತಾನೆಂದು ತಿಳಿದಾಗ ಈ ಸಲ ಗಂಟೆ ಬೇರೆಯವರಿಗೆ ಕೊಡಿ ಎಂದು ಅವರೇ ಹೇಳಿದ್ದರು. ಬೇಡವೆಂದವನು ಕಂಟ್ರಾಕ್ಟರು. ಅವನೂ ಅಭ್ಯರ್ಥಿಯೇ, ಅವನೂ ಅವರ ಶಿಷ್ಯನೇ. ಮನೆಗೇ ಬಂದು, ಹೊಸ್ತಿಲಾಚೆ ಚಪ್ಪಲಿ ಬಿಟ್ಟು, "ಟೀಚರ್, ನೀವಿಲ್ಲದಿದ್ರೆ ನಾನು ಸಭೆಗೇ ಬರಲ್ಲ. ಎದುರಾಳಿಯ ಅಕ್ಕ ಆದ್ರೇನು, ನಿಮ್ಮ ಕೈ ತಕ್ಕಡಿ ಇದ್ದ ಹಾಗೆ" ಎಂದಿದ್ದ. ಆ ಮಾತು ಅವರಿಗೆ ಹಿತವಾಗಿತ್ತು. ಹಿತವಾಗಿತ್ತು ಎಂಬುದನ್ನು ಆಮೇಲೆ ಎಷ್ಟೋ ಸಲ ನೆನೆದು ತಮ್ಮನ್ನೇ ಹಳಿದುಕೊಂಡರು.

ಸಭಾಂಗಣ ತುಂಬಿತ್ತು. ಕುರ್ಚಿ ಹಾಕುವವನು ಅಲ್ಲಾಡುತ್ತಿದ್ದ ಮೇಜಿನ ಕಾಲಿಗೆ ರಟ್ಟು ಮಡಚಿ ಇಟ್ಟು, "ಈಗ ನೋಡಿ ಟೀಚರಮ್ಮ, ಮೇಜೂ ನಿಷ್ಪಕ್ಷಪಾತ" ಎಂದು ನಕ್ಕು ಹೋದ. ಮೊದಲ ಸಾಲಿನ ತುದಿಯಲ್ಲಿ ತಮ್ಮನ ಮಗಳು ಕೂತಿದ್ದಳು, ಎರಡೂ ಕೈಯನ್ನು ಮಡಿಲಲ್ಲಿ ಹೆಣೆದುಕೊಂಡು. ಅವಳು ಇಷ್ಟು ಜನರ ನಡುವೆ ಬಂದು ಕೂತದ್ದು ಎಷ್ಟೋ ತಿಂಗಳ ಮೇಲೆ. ಟೀಚರಮ್ಮ ಅವಳತ್ತ ನೋಡಿ ತಲೆಯಾಡಿಸಿದರು. ಅವಳೂ ಆಡಿಸಿದಳು.

ವಾಚನಾಲಯದ ಕಾರ್ಯದರ್ಶಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಪ್ರಶ್ನೆ ಓದಿದರು. ಮೊದಲನೆಯದು ಕಸದ್ದು. ಕಂಟ್ರಾಕ್ಟರು ಊರನ್ನು ಕನ್ನಡಿ ಮಾಡಿಬಿಡುತ್ತೇನೆಂದ. ಗಂಟೆಯಾದ ಮೇಲೂ "ಒಂದೇ ಮಾತು ಟೀಚರ್, ಒಂದೇ ಮಾತು" ಎನ್ನುತ್ತ ಹತ್ತು ಮಾತಾಡಿದ. ಶಾಲೆಯಲ್ಲಿದ್ದಾಗಲೂ ಅವನು ಹಾಗೇ. ಮೂರನೆಯ ಅಭ್ಯರ್ಥಿ ವಕೀಲರು. ಕಸವೆಂದರೇನು ಎಂಬುದನ್ನು ಮೊದಲು ನಿರ್ಧರಿಸಬೇಕಾಗುತ್ತದೆ ಎಂದು ಶುರು ಮಾಡಿ, ನಿರ್ಧರಿಸುವುದರಲ್ಲೇ ಹೊತ್ತು ಕಳೆದರು. ಬನ್ನಪ್ಪ ಎದ್ದು, "ಕಸ ದಿನಾ ಬೆಳಿಗ್ಗೆ ಎತ್ತಬೇಕು. ಎತ್ತೋರಿಗೆ ಕೈಗವಸು, ಬೂಟು ಕೊಡ್ಬೇಕು. ಅಷ್ಟೇ" ಎಂದು ಕೂತ. ಜನ ನಕ್ಕರು. ಹಿಂದಿನಿಂದ ಯಾರೋ, "ಬನ್ನಪ್ಪ, ಉಳಿದ ಟೈಮು ಸಾಲ ಕೊಡು ಕಂಟ್ರಾಕ್ಟರಿಗೆ" ಎಂದರು.

ಬಸ್ ನಿಲ್ದಾಣ, ಬೀದಿನಾಯಿ ಮುಗಿದು ಕೊನೆಗೆ ಹೆರಿಗೆ ಆಸ್ಪತ್ರೆಯ ಪ್ರಶ್ನೆ ಬಂತು. ಈ ಊರಿನ ಸಣ್ಣ ಹೆರಿಗೆ ಆಸ್ಪತ್ರೆಯನ್ನು ಮುಚ್ಚಿ ರೈಲು ಹಳಿಯಾಚೆಯ ದೊಡ್ಡಾಸ್ಪತ್ರೆಗೆ ಸೇರಿಸಬೇಕೆಂಬ ಯೋಜನೆ ಮಂಡಳಿಯ ಮುಂದಿದೆ, ಅಭ್ಯರ್ಥಿಗಳ ಅಭಿಪ್ರಾಯವೇನು?

ಕಂಟ್ರಾಕ್ಟರು ಎದೆ ಮುಟ್ಟಿಕೊಂಡ. "ನಾನು ಹುಟ್ಟಿದ್ದು ಅಲ್ಲೇ. ಆ ಬಾಗಿಲು ಮುಚ್ಚೋದಾದ್ರೆ ಮೊದಲು ನಾನು ಅಡ್ಡ ಮಲಗ್ತೀನಿ, ನನ್ನ ಮೇಲೆ ಹೋಗ್ಲಿ ಲಾರಿ." ಚಪ್ಪಾಳೆ ಬಿತ್ತು. ಗಂಟೆಗೆ ಅವನು ನಿಲ್ಲಲಿಲ್ಲ, ಚಪ್ಪಾಳೆಗೆ ನಿಂತ. ವಕೀಲರು ಒಂದು ದೃಷ್ಟಿಯಿಂದ ನೋಡಿದರೆ ಮುಚ್ಚುವುದು ಸರಿ, ಇನ್ನೊಂದು ದೃಷ್ಟಿಯಿಂದ ನೋಡಿದರೆ ಸರಿಯಲ್ಲ ಎಂದರು. "ಎರಡೂ ಕಣ್ಣು ಮುಚ್ಕೊಂಡ್ರೆ ಹೇಗೆ ಕಾಣುತ್ತೆ ಸ್ವಾಮಿ?" ಎಂದಿತು ಹಿಂದಿನ ಅದೇ ಧ್ವನಿ. ವಕೀಲರ ಉದ್ದನೆಯ ಕೊನೆಯ ವಾಕ್ಯ ಎಲ್ಲೆಲ್ಲೋ ಸುತ್ತಿ ಮನೆ ಸೇರುವ ತನಕ ಟೀಚರಮ್ಮ ಗಂಟೆಯ ನಾಲಗೆ ಹಿಡಿದೇ ಇದ್ದರು.

ಬನ್ನಪ್ಪ ಎದ್ದ. ಅವನು ಚುನಾವಣೆಗೆ ನಿಂತದ್ದೇ ಈ ಒಂದು ಪ್ರಶ್ನೆಗಾಗಿ. ಅದು ಆ ಸಭಾಂಗಣದಲ್ಲಿ ಗೊತ್ತಿದ್ದುದು ಮೂವರಿಗೆ.

ಬನ್ನಪ್ಪ ಸೈಕಲ್ ಮೇಲೆ ಬ್ರೆಡ್ ಹಂಚುವುದನ್ನು ಊರು ವೋಟಿನ ಆಟವೆಂದು ತಿಳಿದಿತ್ತು. ಚಲೋ ವ್ಯಾನು ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದರೆ ಈ ವಯಸ್ಸಿನಲ್ಲಿ ಸೈಕಲ್ ತುಳಿಯುತ್ತಾನೆ, ಜಿಪುಣ ಎನ್ನುವವರು ಕೆಲವರು, ನಾಟಕ ಎನ್ನುವವರು ಕೆಲವರು. ಮಗಳ ಮೊದಲ ಕೂಸು ಉಳಿಯಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ದೊಡ್ಡಾಸ್ಪತ್ರೆಯಲ್ಲಿ ಹೋಯಿತು ಎಂದಷ್ಟೇ ಗೊತ್ತು. ಅಂದು ಬೆಳಗಿನ ಜಾವ ಅವಳಿಗೆ ನೋವು ಶುರುವಾದಾಗ ಬೀದಿಯ ತುದಿಯ ಹೆರಿಗೆ ಆಸ್ಪತ್ರೆಗೆ ಬೀಗ ಬಿದ್ದಿತ್ತು. ಸಿಬ್ಬಂದಿ ಸಾಲದೆಂದು ಆ ವಾರ ಮುಚ್ಚಿದ್ದರು. ಅಳಿಯ ಲಾರಿಯ ಮೇಲೆ ದೂರ ಹೋಗಿದ್ದ. ಬನ್ನಪ್ಪ ಮಗಳನ್ನು ಬ್ರೆಡ್ ವ್ಯಾನಿಗೆ ಹತ್ತಿಸಿ, ಅಕ್ಕನನ್ನು ಕರೆದುಕೊಂಡು ಹೊರಟ. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿಯೊಂದು ಹಳಿಯ ಮೇಲೆ ನಿಂತುಬಿಟ್ಟಿತ್ತು, ಅತ್ತಲೂ ಇಲ್ಲ ಇತ್ತಲೂ ಇಲ್ಲ. ಆಗಷ್ಟೇ ತುಂಬಿದ್ದ ಬಿಸಿ ಬ್ರೆಡ್ಡಿನ ಟ್ರೇಗಳ ನಡುವೆ ಕೂಸು ಹುಟ್ಟಿತು. ಅಳಲಿಲ್ಲ. ಟೀಚರಮ್ಮ ಅದನ್ನು ಬ್ರೆಡ್ ಮುಚ್ಚುವ ಬಟ್ಟೆಯಲ್ಲಿ ಸುತ್ತಿ, ಬೆನ್ನು ಉಜ್ಜಿ, ಬಾಯಿಗೆ ಉಸಿರು ಕೊಟ್ಟು, ಗೇಟು ತೆರೆಯುವವರೆಗೆ ಹಿಡಿದುಕೊಂಡಿದ್ದರು. ಆಮೇಲೆ ಬನ್ನಪ್ಪ ಆ ವ್ಯಾನಿನ ಬಾಗಿಲು ತೆರೆಯಲಿಲ್ಲ.

ಇದನ್ನು ಹೊರಗೆ ಹೇಳಬೇಕೆಂದರೆ ಮಗಳ ಒಪ್ಪಿಗೆ ಬೇಕಿತ್ತು. ಸಭೆಯ ಹಿಂದಿನ ದಿನ ಅವಳು ಬ್ರೆಡ್ ಕತ್ತರಿಸುತ್ತ ತಲೆ ಎತ್ತದೆ, "ಹೇಳು ಅಪ್ಪ. ಇನ್ನೊಬ್ಬಳಿಗೆ ಹೀಗಾಗ್ಬಾರ್ದು. ಒಂದು ಸಲ ಹೇಳಿಬಿಡು, ನಾನೂ ಬಂದು ಕೂತ್ಕೋತೀನಿ" ಎಂದಿದ್ದಳು. ಸೋದರತ್ತೆಯ ಹಲ್ಲಿಗೆ ಗಟ್ಟಿಯಾಗುತ್ತದೆಂದು ಬ್ರೆಡ್ಡಿನ ಅಂಚು ತೆಗೆದು ಕಟ್ಟಿಕೊಡುವುದು ಅವಳ ದಿನದ ಕೆಲಸ. ಅಂದು ಟೀಚರಮ್ಮ ಆ ಪೊಟ್ಟಣ ಹಿಡಿದು ಅವಳ ತಲೆ ಸವರಿ ಬಂದಿದ್ದರು.

"ನಮ್ಮಪ್ಪ ಹೇಳ್ತಿದ್ರು," ಎಂದು ಬನ್ನಪ್ಪ ಶುರು ಮಾಡಿದ. "ಒಲೆ ಊರ ಮಧ್ಯೆ ಇರಬೇಕು ಕಣೋ, ದೂರ ಇದ್ರೆ ಬ್ರೆಡ್ ಬರೋ ಹೊತ್ತಿಗೆ ತಣ್ಣಗಾಗಿರುತ್ತೆ ಅಂತ."

ಟೀಚರಮ್ಮ ಗಡಿಯಾರ ನೋಡಿದರು. ಇವನು ಎಲ್ಲಿಂದ ಹೊರಟ. ಚಿಕ್ಕಂದಿನಲ್ಲೂ ಹಾಗೇ, ಬಿದ್ದು ಮಂಡಿ ಒಡೆದುಕೊಂಡು ಬಂದರೆ ಅಂದು ಬೆಳಿಗ್ಗೆ ಎದ್ದಲ್ಲಿಂದ ಕಥೆ ಶುರು. ಅವನು ಒಲೆಯಿಂದ ಆಸ್ಪತ್ರೆಗೆ ಬಂದ. ಆಸ್ಪತ್ರೆಯಿಂದ ಅಲ್ಲಿನ ಆಯಾಗೆ ಬಂದ. ಹೆರಿಗೆಯಾದ ಮನೆಯವರು ಊಟ ತರುವುದು ತಡವಾದರೆ ಅವಳು ತನ್ನ ಗಂಜಿಯನ್ನೇ ಕುಡಿಸುತ್ತಿದ್ದಳು ಎಂದ. ಸಭೆಯಲ್ಲಿ ಕೆಲವು ಹೆಂಗಸರು ಹೌದೆಂದು ತಲೆಯಾಡಿಸಿದರು. ಗಡಿಯಾರದ ಮುಳ್ಳು ಇಳಿಯುತ್ತಿತ್ತು. ಅವನು ನಿಂತು ನೀರು ಕುಡಿದ. ಲೋಟ ಕೆಳಗಿಟ್ಟು ಮಗಳತ್ತ ನೋಡಿದ. ಬನ್ನಪ್ಪನ ದನಿ ಬೇರೆಯಾದದ್ದು ಎಲ್ಲರಿಗೂ ಕೇಳಿತು.

"ನಾನು ವ್ಯಾನು ಯಾಕೆ ಓಡಿಸಲ್ಲ ಅಂತ ನೀವೆಲ್ಲ ಕೇಳ್ತೀರಿ. ಹೇಳ್ತೀನಿ. ಅವತ್ತು ಬೆಳಗಿನ ಜಾವ ನಮ್ಮ ಬ್ರೆಡ್ ವ್ಯಾನಲ್ಲಿ..."

ಮುಳ್ಳು ಗುರುತು ಮುಟ್ಟಿತು. ಕಂಟ್ರಾಕ್ಟರು ಗಡಿಯಾರ ನೋಡಿ, ಆಮೇಲೆ ಟೀಚರಮ್ಮನ ಕೈ ನೋಡಿ, ಸಣ್ಣಗೆ ಮುಗುಳ್ನಕ್ಕ. ಆ ನಗೆ ಅವರನ್ನು ಚುಚ್ಚಿತು. ಈಗ ತಡೆದರೆ ಅಕ್ಕ ತಮ್ಮನಿಗೆ ಹೊತ್ತು ಕೊಟ್ಟಳು ಎನ್ನುತ್ತಾರೆ, ತಕ್ಕಡಿ ವಾಲಿತು ಎನ್ನುತ್ತಾರೆ. ಇಷ್ಟು ವರ್ಷ ಎಲ್ಲರಿಗೂ ಗಂಟೆಯ ನಾಲಗೆ ಹಿಡಿದಿದ್ದ ಬೆರಳು ಅಂದು ಸಡಿಲವಾಯಿತು. ಗಂಟೆ ಹೊಡೆಯಿತು.

ಬನ್ನಪ್ಪ ಕೂತುಬಿಟ್ಟ.

ಯಾರೂ ಹಾಗೆ ಕೂರುವುದಿಲ್ಲ. ಒಂದು ಮಾತು, ಎರಡು ಮಾತು ಎಂದು ಎಲ್ಲರೂ ಎಳೆಯುತ್ತಾರೆ. ಎಳೆದಿದ್ದರೆ ಟೀಚರಮ್ಮ ಇನ್ನೊಂದು ಸಲ ಗಂಟೆ ಎತ್ತುತ್ತಿರಲಿಲ್ಲ, ಖಂಡಿತ ಎತ್ತುತ್ತಿರಲಿಲ್ಲ. ಆದರೆ ಅವನಿಗೆ ಗಂಟೆ ಎಂದರೆ ಅಕ್ಕ. ಮೊದಲ ಬೆಂಚಿನಲ್ಲಿರಲಿ ಕೊನೆಯ ಬೆಂಚಿನಲ್ಲಿರಲಿ, ಗಂಟೆಯಾದರೆ ಬಾಯಿ ಮುಚ್ಚಿ ಕೂರಬೇಕೆಂದು ಅವನಿಗೆ ಕಲಿಸಿದವರು ಅವರೇ. ಬಾಯಿ ಇನ್ನೂ ಅರ್ಧ ತೆರೆದೇ ಇತ್ತು. ಅದನ್ನು ಅವನು ನಿಧಾನಕ್ಕೆ ಮುಚ್ಚಿಕೊಂಡ.

"ಶಹಬ್ಬಾಸ್ ಟೀಚರಮ್ಮ," ಎಂದು ಯಾರೋ ಕೂಗಿದರು. "ಒಡಹುಟ್ಟಿದವನನ್ನೂ ಬಿಡ್ಲಿಲ್ಲ ನೋಡಿ. ನ್ಯಾಯ ಅಂದ್ರೆ ಇದು." ಚಪ್ಪಾಳೆ ಶುರುವಾಯಿತು, ಕಂಟ್ರಾಕ್ಟರಿಗೆ ಬಿದ್ದದ್ದಕ್ಕಿಂತ ಜೋರಾಗಿ. ಟೀಚರಮ್ಮನ ಮುಖ, ಅವರ ಅಪ್ಪಣೆ ಕೇಳದೆ, ನಕ್ಕಿತು. ನಗುತ್ತಲೇ ಮೊದಲ ಸಾಲಿನ ತುದಿಗೆ ನೋಡಿದರು. ತಮ್ಮನ ಮಗಳು ಅವರನ್ನೇ ನೋಡುತ್ತಿದ್ದಳು. ಮಡಿಲಿನ ಕೈ ಬಿಚ್ಚಿತ್ತು.

ಅವರು ಬೇಕರಿಗೆ ಹೋದದ್ದು ಮರುದಿನ. ಇಡೀ ಹಾದಿ ಏನು ಹೇಳಬೇಕೆಂದು ಜೋಡಿಸಿಕೊಂಡು ಹೋಗಿದ್ದರು. ಬನ್ನಪ್ಪ ಒಳಗೆ ಹಿಟ್ಟು ನಾದುತ್ತಿದ್ದ. ಕೋಪವಿರಲಿಲ್ಲ ಅವನಲ್ಲಿ. ಕೋಪವಿದ್ದಿದ್ದರೆ ಚೆನ್ನಾಗಿತ್ತು.

"ಬಾ ಅಕ್ಕ. ಕೂತ್ಕೋ, ಆ ಸ್ಟೂಲ್ ಬೇಡ, ಅದರ ಕಾಲು ಸರಿ ಇಲ್ಲ."

"ನಾನು ತಡೀಬೇಕಿತ್ತು ಕಣೋ."

"ಟೈಮ್ ಆಗಿತ್ತಲ್ಲ ಅಕ್ಕ."

"ಆಗಿತ್ತು. ಬೇರೆಯವರಿಗೆ ತಡೀತಿದ್ದೆ."

ಅವನು ಕೈ ನಿಲ್ಲಿಸಿದ. ಆ ಗುಟ್ಟು ಅವನಿಗೂ ಗೊತ್ತಿರಲಿಲ್ಲ ಎಂದು ಟೀಚರಮ್ಮನಿಗೆ ಆಗ ತಿಳಿಯಿತು. ಹೇಳಬಾರದಿತ್ತೇನೋ. ಸ್ವಲ್ಪ ಹೊತ್ತು ಅವನು ಹಿಟ್ಟಿನ ಮೇಲೆ ಬೆರಳ ಗುರುತು ಮಾಡುತ್ತ ನಿಂತ. ಆಮೇಲೆ ಮತ್ತೆ ನಾದತೊಡಗಿದ, ಮೊದಲಿಗಿಂತ ಬಲವಾಗಿ.

"ಸಂತೆ ಬೀದೀಲಿ ಹೇಳು," ಎಂದರು ಅವರು. "ನಾಳೆ ನಿನ್ನ ಪ್ರಚಾರ ಇದೆಯಲ್ಲ, ಅಲ್ಲಿ ಹೇಳು. ನಾನೂ ಪಕ್ಕದಲ್ಲಿ ನಿಲ್ತೀನಿ. ನಾನೇ ಬೇಕಾದ್ರೂ ಹೇಳ್ತೀನಿ, ನಾನೂ ಇದ್ದೆನಲ್ಲ ಅಲ್ಲಿ."

"ಹಿಟ್ಟು ಒಂದು ಸಲ ಉಬ್ಬಿ ಇಳಿದುಹೋದ್ರೆ ಮತ್ತೆ ಏಳಲ್ಲ ಅಕ್ಕ. ಒಲೆಗೆ ಹಾಕಿದ್ರೂ ಕಲ್ಲು." ಅವನು ಹೊರಗಿನ ಕಟ್ಟೆಯತ್ತ ಕಣ್ಣು ಹಾಯಿಸಿದ. "ಅವಳನ್ನ ಕೇಳು."

ಹೊರಗೆ ಗಲ್ಲಾದ ಹಿಂದೆ ಮಗಳು ಯಾರಿಗೋ ಬನ್ನು ಕಟ್ಟುತ್ತಿದ್ದಳು. ಆ ಗಿರಾಕಿ ಹೋಗುವ ತನಕ ಟೀಚರಮ್ಮ ಕಾದರು.

"ಪುಟ್ಟಿ..."

"ಬೇಡ ಅತ್ತೆ. ನಿನ್ನೆ ಒಂದು ದಿನಕ್ಕೆ ಅಂತ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ. ಮುಗೀತು." ಅವಳು ಗಾಜಿನ ಮೇಲೆ ಚೆಲ್ಲಿದ ಚೂರು ಒರೆಸಿದಳು. "ಅಪ್ಪ ಮಾತಾಡ್ಲಿಲ್ಲ ಅಂತ ನನಗೆ ಬೇಜಾರಿಲ್ಲ. ಚಪ್ಪಾಳೆ ಹೊಡೆದಾಗ ನೀವು ನಕ್ರಿ."

ಹುಟ್ಟಿದಂದಿನಿಂದ ಅತ್ತೆಯನ್ನು ನೀನು ಎಂದೇ ಕರೆದವಳು ಅವಳು. ಟೀಚರಮ್ಮ ಬ್ರೆಡ್ಡು ತೆಗೆದುಕೊಂಡು ಮನೆಗೆ ಬಂದರು. ಪೊಟ್ಟಣ ಬಿಚ್ಚಿದರೆ ಬ್ರೆಡ್ಡಿಗೆ ಅಂಚು ಇತ್ತು, ಎಲ್ಲರಿಗೂ ಕೊಡುವ ಹಾಗೆ. ಅದನ್ನು ಹಾಲಿನಲ್ಲಿ ನೆನೆಸಿ ತಿಂದರು.

ವಾಚನಾಲಯದ ಗೋಡೆಗೆ 'ಸ್ಥಳೀಯ ಸಮಸ್ಯೆಗಳು: ಅಭ್ಯರ್ಥಿಗಳ ಅಭಿಪ್ರಾಯ' ಎಂಬ ಹಾಳೆಯನ್ನು ಅಂಟಿಸಿದರು. ಆಸ್ಪತ್ರೆಯ ಪ್ರಶ್ನೆಯ ಕೆಳಗೆ ಕಂಟ್ರಾಕ್ಟರ ಬಾಗಿಲು, ಲಾರಿ ಎಲ್ಲ ಅಕ್ಷರ ಬಿಡದೆ ಇತ್ತು. ವಕೀಲರ ಎರಡೂ ದೃಷ್ಟಿ ಇತ್ತು. ತಮ್ಮನ ಹೆಸರಿನ ಮುಂದೆ ಒಲೆಯ ಮಾತು, ಆಯಾಳ ಗಂಜಿ, ಆಮೇಲೆ ಒಂದು ಸಾಲು: 'ಅಭ್ಯರ್ಥಿಯು ಉತ್ತರವನ್ನು ಪೂರ್ಣಗೊಳಿಸಲಿಲ್ಲ.' ಟೀಚರಮ್ಮ ಕಾರ್ಯದರ್ಶಿಯ ಬಳಿ ಹೋಗಿ, ಆ ಸಾಲು ತೆಗೆದು ಅವನಿಗೆ ಇನ್ನೊಂದು ಅವಕಾಶ ಕೊಡಿ ಎಂದರು. ಕಾರ್ಯದರ್ಶಿ ಒಳ್ಳೆಯ ಮನುಷ್ಯ. ಎದ್ದು ನಿಂತು, ಅವರಿಗೆ ಕುರ್ಚಿ ಎಳೆದು ಕೊಟ್ಟು, ನೋವಿನಿಂದಲೇ ಹೇಳಿದರು: "ಒಬ್ಬರಿಗೆ ಕೊಟ್ರೆ ಎಲ್ಲರಿಗೂ ಕೊಡ್ಬೇಕಾಗುತ್ತೆ. ಆ ನಿಯಮ ಬರೆಸಿದ್ದು ನೀವೇ ಅಲ್ವಾ ಟೀಚರಮ್ಮ?"

ಊರಿಗೆ ಒಂದು ಆಟಿಕೆ ಸಿಕ್ಕಿತ್ತು. ಬನ್ನಪ್ಪ ಸೈಕಲ್ ತುಳಿದುಕೊಂಡು ಹೋದರೆ ಚಹಾ ಅಂಗಡಿಯಿಂದ, "ಬನ್ನಪ್ಪ, ವ್ಯಾನಲ್ಲಿ ಏನಾಯ್ತೋ?" ಎನ್ನುವರು. "ಬ್ರೆಡ್ ಸೀದುಹೋಯ್ತಂತೆ" ಎಂದು ಇನ್ನೊಬ್ಬ. "ಇಲಿ ಸೇರಿತ್ತಂತೆ" ಎಂದು ಮತ್ತೊಬ್ಬ. ಕಂಟ್ರಾಕ್ಟರ ಕಡೆಯವರು ಭಾಷಣ ಮುಗಿಸುವಾಗ, "ನಾವು ಅರ್ಧಕ್ಕೆ ಕೂರೋರಲ್ಲ" ಎಂದು ಸೇರಿಸತೊಡಗಿದರು. ಯಾರಿಗೂ ಕೆಡುಕಿನ ಮನಸ್ಸಿರಲಿಲ್ಲ. ಗೊತ್ತಿಲ್ಲದ ಜಾಗಕ್ಕೆ ಕಲ್ಲು ಬೀಸುತ್ತಿದ್ದರು, ಅಷ್ಟೇ. ಬನ್ನಪ್ಪ ಎಲ್ಲರಿಗೂ ಕೈಯೆತ್ತಿ ಮುಂದೆ ಹೋಗುತ್ತಿದ್ದ. ಅವನ ಮಗಳು ಅಂಗಡಿಯ ಮುಂದಿನ ಕಿಟಕಿ ಮುಚ್ಚಿಕೊಂಡು ವ್ಯಾಪಾರ ಮಾಡತೊಡಗಿದಳು.

ಕಂಟ್ರಾಕ್ಟರು ಗೆದ್ದ. ಬನ್ನಪ್ಪ ಮೂರನೆಯವನಾಗಿ ಸೋತ, ಎರಡು ದೃಷ್ಟಿಯ ವಕೀಲರಿಗಿಂತಲೂ ಹಿಂದೆ. ಫಲಿತಾಂಶದ ದಿನವೂ ಅವನು ಎಂದಿನ ಹಾಗೆ, ಮಿಕ್ಕ ಬ್ರೆಡ್ಡನ್ನು ಚೀಲಕ್ಕೆ ತುಂಬಿ, ಬೇಕಾದವರು ಒಯ್ಯಲೆಂದು ಅಂಗಡಿಯ ಹೊರಗಿನ ಮೊಳೆಗೆ ತೂಗುಹಾಕಿದ. ಕಂಟ್ರಾಕ್ಟರ ಮೆರವಣಿಗೆಯಲ್ಲಿ ಕುಣಿದು ಹಸಿದವರು ಇಬ್ಬರು ಅದರಿಂದಲೇ ತಿಂದರು.

ಮಳೆ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಕಂಟ್ರಾಕ್ಟರು ಟೀಚರಮ್ಮನ ಮನೆಗೆ ಬಂದ. ಈ ಸಲವೂ ಚಪ್ಪಲಿ ಹೊರಗೆ ಬಿಟ್ಟ. ಅವರ ಬಾಗಿಲ ಮುಂದಿನ ಒಡೆದ ಚರಂಡಿ ಚಪ್ಪಡಿಯನ್ನು ಯಾರೂ ಕೇಳದೆಯೇ ಅವನ ಆಳುಗಳು ಹಿಂದಿನ ವಾರ ಸರಿಮಾಡಿ ಹೋಗಿದ್ದರು. "ನೀವು ಕತ್ತಲಲ್ಲಿ ಕಾಲು ಜಾರ್ಬಾರ್ದು ಅಂತ" ಎಂದ. ಅದು ಸುಳ್ಳಾಗಿರಲಿಲ್ಲ. ಚಿಕ್ಕವನಿದ್ದಾಗಲೂ ಅವನು, ಟೀಚರು ಕೊಡೆ ಮರೆತರೆ ಓಡಿಬಂದು ಕೊಡುತ್ತಿದ್ದ.

"ಆಸ್ಪತ್ರೆ ವಿಲೀನ ಆಗ್ತಿದೆ ಟೀಚರ್. ಕಟ್ಟಡ ಖಾಲಿ ಬಿಡೋದು ಬೇಡ ಅಂತ ಅಲ್ಲಿಗೆ ಮಂಡಳಿಯ ಕಂದಾಯ ಕಚೇರಿ ತರ್ತಿದ್ದೀವಿ. ಒಂದು ನಾಗರಿಕ ಸಲಹಾ ಸಮಿತಿ ಮಾಡ್ಬೇಕು. ಅಧ್ಯಕ್ಷತೆಗೆ ನಿಮ್ಮ ಹೆಸರು ಹೇಳಿದ ಕೂಡ್ಲೆ ಇಡೀ ಮಂಡಳಿ ಒಪ್ಪಿತು. ಸ್ವಂತ ತಮ್ಮನಿಗೂ ಗಂಟೆ ಹೊಡೆದವರು ಅಂದ್ರೆ ಸಾಕು."

ಟೀಚರಮ್ಮ ಅವನನ್ನು ನೋಡಿದರು. "ಅಡ್ಡ ಮಲಗ್ತೀನಿ ಅಂದಿದ್ದೆಯಲ್ಲೋ."

ಅವನು ನಾಚಿಕೊಳ್ಳಲಿಲ್ಲ. ಆದರೆ ನಗಲೂ ಇಲ್ಲ. "ಮೂರು ನಿಮಿಷದಲ್ಲಿ ಮನುಷ್ಯ ಆಡಿದ್ದನ್ನ ಐದು ವರ್ಷ ಹಿಡ್ಕೊಂಡು ಕೂತ್ರೆ ಆಗುತ್ತಾ ಟೀಚರ್? ಅಲ್ಲಿ ಕೂತಾಗ ಬೇರೆ ಥರ ಕಾಣುತ್ತೆ. ಲೆಕ್ಕ ಕೂಡೋದಿಲ್ಲ. ಹೆರಿಗೆ ಕಮ್ಮಿ, ಖರ್ಚು ಜಾಸ್ತಿ." ಆಮೇಲೆ ಕೇಳಿದ: "ಒಂದು ಕೇಳ್ಲಾ? ಬನ್ನಪ್ಪ ಅವತ್ತು ಏನು ಹೇಳೋಕೆ ಹೋಗಿದ್ದ?"

ಕೇಳುವ ರೀತಿಯಲ್ಲಿ ಕುಚೋದ್ಯವಿರಲಿಲ್ಲ. ಹೇಳಿಬಿಡಬಹುದಿತ್ತು. ಆದರೆ ಅದು ಅವರ ಮಾತಲ್ಲ. ಆ ಮಾತಿನ ಯಜಮಾನಿ ಬೇಡವೆಂದಿದ್ದಳು.

"ಸಮಿತಿಗೆ ಬೇರೆ ಯಾರನ್ನಾದ್ರೂ ನೋಡು," ಎಂದರು. ಬೀರುವಿನಿಂದ ಗಂಟೆ ತೆಗೆದು ಅವನ ಕೈಗಿಟ್ಟರು. "ವಾಚನಾಲಯಕ್ಕೆ ಕೊಟ್ಟುಬಿಡು, ಆ ಕಡೆ ಹೋಗೋವಾಗ."

ಅವನು ಅದು ಸದ್ದಾಗದಂತೆ ನಾಲಗೆ ಹಿಡಿದುಕೊಂಡು ಮೆಟ್ಟಿಲಿಳಿದ.

ಆಸ್ಪತ್ರೆಯ ಸಾಮಾನು ಸಾಗಿಸುವ ದಿನ ಟೀಚರಮ್ಮ ಯಾರಿಗೂ ಹೇಳದೆ ಅಲ್ಲಿಗೆ ಹೋದರು. ಏನು ಮಾಡಬೇಕೆಂದು ಅವರಿಗೇ ಗೊತ್ತಿರಲಿಲ್ಲ. ಲಾರಿ ಹಿಂದಕ್ಕೆ ಬಂದು ನಿಂತಿತ್ತು. ಆಡಳಿತದವರು ಯಾರೂ ಇರಲಿಲ್ಲ, ಕೂಗುವವರೂ ಇರಲಿಲ್ಲ; ಆಳುಗಳು ಮಾತ್ರ, ಮತ್ತೆ ಬೀಗದ ಕೈ ಹಿಡಿದ ಆಯಾ. ಟೀಚರಮ್ಮ ಮುಂಬಾಗಿಲ ಮೆಟ್ಟಿಲ ಮೇಲೆ ಕೂತರು. ಅಡ್ಡ ಮಲಗುವ ವಯಸ್ಸು ಅವರದಲ್ಲ.

"ಅಮ್ಮಾ, ಸ್ವಲ್ಪ ಸರ್ಕೊಳ್ಳಿ, ಮಂಚ ಬರ್ತಿದೆ."

ಸರಿದರು. ಮಂಚ ಹೋಯಿತು. ಮತ್ತೆ ಮೊದಲಿನ ಜಾಗಕ್ಕೇ ಬಂದು ಕೂತರು. ಆಳು ತಲೆ ಕೆರೆದುಕೊಂಡು, ಮುಂದಿನ ಮಂಚವನ್ನು ಪಕ್ಕಕ್ಕೆ ಎತ್ತಿ, ಅವರಿಗೆ ತಾಕದಂತೆ ದಾಟಿಸಿದ. ಆಮೇಲೆ ಎಲ್ಲವನ್ನೂ ಹಾಗೇ ದಾಟಿಸಿದರು: ಕೂಸುಗಳನ್ನು ತೂಗುವ ತಕ್ಕಡಿ, ಬಿಸಿನೀರಿನ ಹಂಡೆ, ಒಂದರೊಳಗೊಂದು ಕೂರಿಸಿದ ತೊಟ್ಟಿಲುಗಳು. ಆಯಾ ಒಳಗಿನಿಂದ ಒಂದು ಮಡಚಿದ ಕಂಬಳಿ ತಂದು, "ಕಲ್ಲು ತಣ್ಣಗಿದೆ" ಎಂದು ಅವರ ಅಡಿಗೆ ಹಾಕಿದಳು. ಅದೂ ಸಾಗಿಸಬೇಕಾದ ಸಾಮಾನಿನ ಪಟ್ಟಿಯಲ್ಲಿದ್ದ ಕಂಬಳಿಯೇ ಇರಬೇಕು.

ದಾರಿಹೋಕರು ನೋಡಿ ಹೋದರು. ಒಬ್ಬಾಕೆ, "ಟೀಚರಮ್ಮ, ಯಾರಿಗಾದ್ರೂ ಕಾಯ್ತಿದ್ದೀರಾ?" ಎಂದು ಕೇಳಿದಳು. ಇಲ್ಲವೆಂದರು. ಬನ್ನಪ್ಪ ಸೈಕಲ್ ಮೇಲೆ ಬಂದ. ಹಿಂದೆ ಖಾಲಿ ಬುಟ್ಟಿ. ದೂರದಿಂದಲೇ ಅಕ್ಕನನ್ನು ಕಂಡು ಕಾಲೂರಿ ನಿಂತ. ಲಾರಿ ನೋಡಿದ, ತೊಟ್ಟಿಲು ನೋಡಿದ. ಬಾಯಿ ತೆರೆದ ಹಾಗಾಯಿತು. ಟೀಚರಮ್ಮ ಕಾದರು, ಬೇಕಾದಷ್ಟು ಹೊತ್ತು ಕಾದರು. ಅವನು ಪೆಡಲ್ ಮೇಲೆ ಕಾಲಿಟ್ಟು ಅಂಗಡಿಯ ಕಡೆ ಹೋದ.

ಬಿಸಿಲು ಮೆಟ್ಟಿಲು ಬಿಟ್ಟು ರಸ್ತೆಗಿಳಿಯಿತು. ಲಾರಿ ಹಗ್ಗ ಬಿಗಿದುಕೊಂಡು ಹೊರಟಿತು. ಹಳಿಯ ಕಡೆಗೆ ತಿರುಗಿ, ಅಲ್ಲಿ ಗೇಟು ಹಾಕಿದ್ದಕ್ಕೋ ಏನೋ, ತುಂಬ ಹೊತ್ತು ಹಾರ್ನ್ ಹೊಡೆಯಿತು. ಆಯಾ ಬಾಗಿಲಿಗೆ ಬೀಗ ಹಾಕಿ ಎಳೆದು ನೋಡಿ, ಕಂಬಳಿ ಕೇಳದೆ ಹೋದಳು. ಟೀಚರಮ್ಮನಿಗೆ ಹಸಿವಾಗಿತ್ತು. ಏಳಲು ಮನಸ್ಸಾಗಲಿಲ್ಲ.

ಬೀದಿಯ ಆ ತುದಿಯಿಂದ ತಮ್ಮನ ಮಗಳು ನಡೆದು ಬರುತ್ತಿದ್ದುದು ಕಂಡಿತು. ಕೂಸು ಹೋದಂದಿನಿಂದ ಅವಳು ಈ ಕಟ್ಟಡದ ಮುಂದೆ ಹಾಯ್ದವಳಲ್ಲ, ಎಲ್ಲಿಗೆ ಹೋಗುವುದಿದ್ದರೂ ಹಿಂದಿನ ಗಲ್ಲಿ ಬಳಸುತ್ತಿದ್ದಳು. ಮುಚ್ಚಿದ ಬಾಗಿಲನ್ನು ಅವಳು ನೋಡಲಿಲ್ಲ. ಮೆಟ್ಟಿಲ ಹತ್ತಿರ ಬಂದು ನಿಂತಳು. ಬ್ರೆಡ್ ಮುಚ್ಚುವ ಬಿಳಿ ಬಟ್ಟೆಯಲ್ಲಿ ಕಟ್ಟಿದ ಡಬ್ಬಿಯನ್ನು ಎರಡೂ ಕೈಯಿಂದ ಅತ್ತೆಯ ಮಡಿಲಲ್ಲಿಟ್ಟಳು. ಬಾಗಿ, ಕಂಬಳಿಯ ಜಾರಿದ ತುದಿಯನ್ನು ಅವರ ಕಾಲ ಕೆಳಗೆ ಸೇರಿಸಿ, ಬಂದ ದಾರಿಯಲ್ಲೇ ಹೋದಳು.

ಡಬ್ಬಿಯ ತಳ ಬೆಚ್ಚಗಿತ್ತು. ಟೀಚರಮ್ಮ ಗಂಟು ಬಿಚ್ಚಿ ಮುಚ್ಚಳ ತೆಗೆದರು. ಬೇಯಿಸಿದ ಆಲೂಗಡ್ಡೆ, ಒಂದು ಮೊಟ್ಟೆ, ಅದರ ಪಕ್ಕ ನಾಲ್ಕು ಬ್ರೆಡ್ ತುಂಡು. ಯಾವುದಕ್ಕೂ ಅಂಚು ಇರಲಿಲ್ಲ.